ಥಂಡರ್‌ಬರ್ಡ್ ಅಡ್ರೆಸ್ ಬುಕ್: ಒಬ್ಬರೇ ಪಾಟೀಲರು ಮೂರು ಸಲ, ಮೂವರು ಪಾಟೀಲರು ಒಂದೇ ಹೆಸರಲ್ಲಿ

ಕಂಪ್ಯೂಟರಿನಲ್ಲಿ ಇಮೇಲ್ ನೋಡುವ ಥಂಡರ್‌ಬರ್ಡ್ ಪ್ರೋಗ್ರಾಂ ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಮಾತಾಡುವುದು ಅದರ ಅಡ್ರೆಸ್ ಬುಕ್ ಬಗ್ಗೆ, ಅಂದರೆ ಹೆಸರು, ಇಮೇಲ್ ಐಡಿಗಳ ಪಟ್ಟಿಯ ಬಗ್ಗೆ. ಮೇಲ್ ತರಿಸುವುದು, ಕಳಿಸುವುದು ಎಲ್ಲ ಪ್ರೋಗ್ರಾಂಗಳೂ ಮಾಡುತ್ತವೆ. ಅದರಲ್ಲಿ ಹೇಳುವಂಥದ್ದು ಏನಿಲ್ಲ. ಆದರೆ ಒಬ್ಬರೇ ಗಿರಾಕಿ ಪಟ್ಟಿಯಲ್ಲಿ ಮೂರು ಕಡೆ ಕೂತಿದ್ದರೆ ಏನು ಮಾಡಬೇಕು? ಈ ಒಂದು ವಿಷಯ ನನಗೆ ಮೊದಲು ಸಿಟ್ಟು ತರಿಸಿತು, ಆಮೇಲೆ ಈ ಪ್ರೋಗ್ರಾಂ ಮೇಲೆ ಪ್ರೀತಿಯನ್ನೂ ಹುಟ್ಟಿಸಿತು. ಹಾಗಾಗಿ ಈ ವಿಮರ್ಶೆ ತುಂಬ ಅದೇ ಇರುತ್ತದೆ.

ನಮ್ಮದು ಗದಗದಲ್ಲಿ ಒಂದು ಸಣ್ಣ ಆಫ್‌ಸೆಟ್ ಪ್ರೆಸ್. ಮದುವೆ ಪತ್ರಿಕೆ, ಕ್ಯಾಲೆಂಡರ್, ಬಿಲ್ ಬುಕ್, ಮಠಗಳ ಪುಸ್ತಕ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಎಲ್ಲ ಮಾಡುತ್ತೇವೆ. ಮದುವೆ ಪತ್ರಿಕೆಯ ಪ್ರೂಫ್ ಈಗ ವಾಟ್ಸ್‌ಆ್ಯಪ್‌ನಲ್ಲೇ ಮುಗಿಯುತ್ತದೆ. ಸಂಘಗಳು, ಕಾಲೇಜುಗಳು ಮಾತ್ರ ಇವತ್ತಿಗೂ ಮೇಲ್ ಕೇಳುತ್ತವೆ. ಅವರಿಗೆ ದಾಖಲೆ ಬೇಕು. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಸಂಘಗಳಿಗೆ ಬರವಿಲ್ಲ. ಅವುಗಳ ಕಾರ್ಯದರ್ಶಿಗಳು ಬದಲಾಗುತ್ತಾರೆ, ಇಮೇಲ್ ಐಡಿಗಳೂ ಬದಲಾಗುತ್ತವೆ. ಹಳೆಯವು ನಮ್ಮ ಪಟ್ಟಿಯಲ್ಲಿ ಹಾಗೇ ಉಳಿಯುತ್ತವೆ.

ಥಂಡರ್‌ಬರ್ಡ್ ಆರಿಸಿಕೊಂಡಿದ್ದಕ್ಕೆ ಕಾರಣ ಸರಳ. ದುಡ್ಡು ಕೊಡಬೇಕಿಲ್ಲ, ಪ್ರೆಸ್ಸಿನ ಹಳೆಯ ಕಂಪ್ಯೂಟರಿನಲ್ಲಿ ನಡೆಯುತ್ತದೆ, ನೆಟ್ ಹೋದಾಗಲೂ ಹಳೆಯ ಮೇಲ್ ತೆಗೆದು ನೋಡಬಹುದು.

ಡುಪ್ಲಿಕೇಟ್ ಹುಟ್ಟುವ ಮೊದಲ ಜಾಗ ಪ್ರೋಗ್ರಾಂ ಒಳಗೇ ಇದೆ. ಥಂಡರ್‌ಬರ್ಡ್‌ನಲ್ಲಿ ಎರಡು ಪುಸ್ತಕ ತಾನಾಗಿಯೇ ಇರುತ್ತವೆ. ಒಂದು ಪರ್ಸನಲ್ ಅಡ್ರೆಸ್ ಬುಕ್, ಇನ್ನೊಂದು ಕಲೆಕ್ಟೆಡ್ ಅಡ್ರೆಸಸ್. ಪುಸ್ತಕದಲ್ಲಿ ಇಲ್ಲದ ಹೊಸ ಐಡಿಗೆ ನೀವು ಮೇಲ್ ಕಳಿಸಿದರೆ ಅದು ಸುಮ್ನೆ ಎರಡನೆಯದರಲ್ಲಿ ಹೋಗಿ ಕೂರುತ್ತದೆ. ಬೇಡ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಕಂಪೋಸಿಷನ್ ಅನ್ನುವಲ್ಲಿ ನಿಲ್ಲಿಸಬಹುದು. ನಾನು ನಿಲ್ಲಿಸಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೇ ಜಾಗ ಫೋನು. ಫೋನಿನ ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ತರುತ್ತೇನೆ ಅಂತ ಹೇಳಿಕೊಳ್ಳುವ ಒಂದು ಆ್ಯಪ್ ಹಾಕಿದ್ದೆವು. ಅದು ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ತಂದು ಸುರಿಯಿತು. ಮೊದಲೇ ಇದೆಯೋ ಇಲ್ಲವೋ ನೋಡಲಿಲ್ಲ. ಅದನ್ನು ಕಿತ್ತು ಹಾಕಿದರೂ ತಂದಿದ್ದು ಮಾತ್ರ ಉಳಿಯಿತು.

ಡುಪ್ಲಿಕೇಟ್ ಇದ್ದರೆ ಏನಾಯ್ತು, ಇರಲಿ ಬಿಡಿ ಅನ್ನುವವರಿದ್ದಾರೆ. ಅವರು ಸೆಪ್ಟೆಂಬರ್‌ನಲ್ಲಿ ಪ್ರೆಸ್ಸಿಗೆ ಬಂದು ನೋಡಬೇಕು. ಎಲ್ಲ ಸಂಘಗಳ ವಾರ್ಷಿಕ ಸಭೆ ಆಗಲೇ. ಎಲ್ಲರ ವರದಿಯೂ ಒಟ್ಟಿಗೇ ಬರುತ್ತದೆ. ಟು ಅನ್ನುವಲ್ಲಿ ಎರಡು ಅಕ್ಷರ ಹೊಡೆದರೆ ಥಂಡರ್‌ಬರ್ಡ್ ಹೆಸರು ಸೂಚಿಸುತ್ತದೆ. ಯಾರಿಗೆ ಜಾಸ್ತಿ ಸಲ ಬರೆದಿದ್ದೇವೋ ಅವರನ್ನು ಮೇಲೆ ತೋರಿಸುತ್ತದೆ. ಸಾಮಾನ್ಯವಾಗಿ ಇದು ಒಳ್ಳೆಯದೇ. ಆದರೆ ವರ್ಷಗಟ್ಟಲೆ ಬರೆದಿದ್ದು ನಿವೃತ್ತರಾದ ಕಾರ್ಯದರ್ಶಿಯ ಐಡಿಗೆ, ಹೊಸಬರಿಗೆ ಬರೆದಿದ್ದು ಒಂದೋ ಎರಡೋ ಮೇಲ್. ಹಾಗಾಗಿ ಹಳಬರೇ ಮೇಲೆ ಬರುತ್ತಾರೆ. ಇನ್ನೊಂದು ತೊಂದರೆ ಏನೆಂದರೆ, ಒಂದೇ ಐಡಿ ಎರಡು ಹೆಸರಲ್ಲಿ ಇದ್ದರೆ ಎರಡು ಸಾಲಾಗಿ ಕಾಣುತ್ತದೆ. ಕೆಲಸದ ಗಡಿಬಿಡಿಯಲ್ಲಿ ಯಾವುದು ಒತ್ತುವುದು?

ಡುಪ್ಲಿಕೇಟ್ ಹುಡುಕಿ ಸೇರಿಸುವ ಇಷ್ಟು ಮುಖ್ಯವಾದ ಕೆಲಸಕ್ಕೆ ಥಂಡರ್‌ಬರ್ಡ್‌ನಲ್ಲಿ ಒಂದು ಬಟನ್ ಇಲ್ಲ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಮರ್ಜ್ ಆ್ಯಂಡ್ ಫಿಕ್ಸ್ ಇದೆ. ಒತ್ತಿದರೆ ಇವರಿಬ್ಬರೂ ಒಬ್ಬರೇ ಇರಬಹುದು, ಸೇರಿಸಲಾ ಅಂತ ಕೇಳುತ್ತದೆ. ಇಲ್ಲಿ ಅದಿಲ್ಲ. ಹಿಂದೆ ಇದಕ್ಕೆ ಆಡ್-ಆನ್, ಅಂದರೆ ಮೇಲಿಂದ ಜೋಡಿಸುವ ಪುಟ್ಟ ಪ್ರೋಗ್ರಾಂ, ಹಾಕಿಕೊಳ್ಳುತ್ತಿದ್ದರು. 2020ರಲ್ಲಿ 78ನೇ ಆವೃತ್ತಿ ಬಂದಾಗ ಹಳೆಯ ಬಗೆಯ ಆಡ್-ಆನ್‌ಗಳು ನಿಂತು ಹೋದವು. ಹೊಸದಾಗಿ ಬರೆದವು ಮಾತ್ರ ನಡೆಯುತ್ತವೆ. ಇಂಥ ಕೆಲಸವನ್ನು ಆಡ್-ಆನ್ ನಂಬಿ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಅಡ್ರೆಸ್ ಬುಕ್ ಇರುವ ಪ್ರೋಗ್ರಾಂಗೆ ಇದು ಮೂಲ ಕೆಲಸ ಅಲ್ವಾ?

ಕೊನೆಗೆ ಕೈಯಿಂದಲೇ ಮಾಡಲು ಕೂತೆ. ನನ್ನ ಅಭಿಪ್ರಾಯ ಬದಲಾಗಲು ಶುರುವಾಗಿದ್ದೂ ಆಗಲೇ.

ಗದಗ ಸೀಮೆಯಲ್ಲಿ ಪಾಟೀಲರು ಎಷ್ಟು ಜನ! ಕಣಗಿನಹಾಳದ ಆ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡರೂ ಪಾಟೀಲರೇ. ಹಿರೇಮಠ, ಅಂಗಡಿ, ಬಡಿಗೇರ, ಕುಲಕರ್ಣಿ, ದೇಸಾಯಿ ಅಂತ ಹುಡುಕಿದರೂ ಅದೇ ಕಥೆ. ಅಡ್ರೆಸ್ ಬುಕ್ಕಿನಲ್ಲಿ ಒಬ್ಬರ ವಿವರ ಇರುವ ನಮೂದಿಗೆ ಕಾರ್ಡ್ ಅನ್ನುತ್ತಾರೆ. ನಮ್ಮ ಪಟ್ಟಿಯಲ್ಲಿ ಎಸ್. ಬಿ. ಪಾಟೀಲ ಅಂತ ಮೂರು ಕಾರ್ಡ್ ಇದ್ದವು. ಮೂವರೂ ಬೇರೆ ಬೇರೆ ಜನ. ಒಬ್ಬರು ರೋಣದವರು, ಒಬ್ಬರು ನರಗುಂದದವರು, ಇನ್ನೊಬ್ಬರು ಮುಂಡರಗಿಯವರು. ಅದೇ ಪಟ್ಟಿಯಲ್ಲಿ ಇನ್ನೊಬ್ಬ ಪಾಟೀಲರು ಮೂರು ವೇಷದಲ್ಲಿ ಇದ್ದರು: ಇಂಗ್ಲಿಷ್ ಅಕ್ಷರದಲ್ಲಿ ಒಂದು, ಕನ್ನಡದಲ್ಲಿ ಪಾಟೀಲ ಅಂತ ಒಂದು, ಪಾಟೀಲ್ ಸರ್ ಅಂತ ಒಂದು. ಯಂತ್ರ ಹೆಸರು ಹೋಲಿಸಿ ಒಂದು ಮಾಡಿದ್ದರೆ ಆ ಮೂವರನ್ನು ಒಬ್ಬರನ್ನಾಗಿ ಮಾಡುತ್ತಿತ್ತು. ಈ ಒಬ್ಬರನ್ನು ಮೂವರಾಗಿಯೇ ಬಿಡುತ್ತಿತ್ತು. ನಾವು ಫೋನ್ ಎತ್ತಿದರೆ ಮೊದಲು ಕೇಳುವುದು "ಯಾವ ಊರ ಪಾಟೀಲರ್ರಿ?" ಅಂತ. ಅದು ಯಂತ್ರಕ್ಕೆ ಕೇಳಲು ಬರುವುದಿಲ್ಲ.

ಕನ್ನಡದಲ್ಲಿ ಹೆಸರು ಇಟ್ಟುಕೊಳ್ಳುವವರಿಗೆ ಇನ್ನೂ ಒಂದು ಸಿಕ್ಕು ಇದೆ. ಪ್ರೆಸ್ಸಿನವರು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಬೆಳೆದವರು. ನುಡಿಯ ಹಳೆಯ ಅಕ್ಷರಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಓದುವ ಸಂಕೇತ ಅಲ್ಲ. ಫಾಂಟ್ ಬದಲಾದ ಕೂಡಲೇ ಇಂಗ್ಲಿಷ್ ಚಿಹ್ನೆಗಳಾಗಿ ಒಡೆಯುತ್ತವೆ. ಹಾಗೆ ಟೈಪ್ ಮಾಡಿದ ಪಾಟೀಲರು ಅಡ್ರೆಸ್ ಬುಕ್ಕಿನಲ್ಲಿ ಜಪಾನಿನ ಯೆನ್ ಚಿಹ್ನೆಯಿಂದ ಶುರುವಾಗುತ್ತಾರೆ. ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಬರೆದರೂ ಪೂರ್ತಿ ನೆಮ್ಮದಿ ಇಲ್ಲ. ಟೀ ಅನ್ನುವುದನ್ನು ಒಂದೇ ಸ್ವರ ಚಿಹ್ನೆಯಾಗಿ ಬರೆಯಬಹುದು, ಟಿ ಬರೆದು ಮುಂದೆ ದೀರ್ಘದ ಚಿಹ್ನೆ ಹಾಕಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್ ಒಳಗೆ ಬೇರೆ ಬೇರೆ ಸಂಕೇತ. ಪಾಟೀಲ್ ಅಂತ ಅರ್ಧ ಅಕ್ಷರದಲ್ಲಿ ಮುಗಿಸಿದಾಗ ಕೊನೆಗೆ ಕಾಣದ ಒಂದು ಗುರುತು ಸೇರಿಕೊಂಡರೂ ಹಾಗೇ. ಪರದೆ ಮೇಲೆ ಅಕ್ಷರಶಃ ಒಂದೇ ಥರ ಕಾಣುವ ಎರಡು ಹೆಸರು ಹೋಲಿಸಿದಾಗ ಬೇರೆ ಅಂತ ಬಂದರೆ ಇದನ್ನು ನೆನಪಿಡಿ. ಹಾಗಾಗಿ ಹೆಸರು ನೋಡಿ ಡುಪ್ಲಿಕೇಟ್ ಹುಡುಕಲೇಬೇಡಿ. ಇಮೇಲ್ ಐಡಿ ನೋಡಿ ಹುಡುಕಿ.

ಈ ಕೆಲಸಕ್ಕೆ ಹೊಸ ಅಡ್ರೆಸ್ ಬುಕ್ ನಿಜವಾಗಿ ಚೆನ್ನಾಗಿದೆ. 2022ರಲ್ಲಿ 102ನೇ ಆವೃತ್ತಿಯಲ್ಲಿ ಅದನ್ನು ಪೂರ್ತಿ ಹೊಸದಾಗಿ ಮಾಡಿದರು. ಆಲ್ ಅಡ್ರೆಸ್ ಬುಕ್ಸ್ ಅಂತ ಎಡಗಡೆ ಮೇಲೆ ಇರುತ್ತದೆ. ಅದನ್ನು ಒತ್ತಿ, ಟೇಬಲ್ ಲೇಔಟ್‌ಗೆ ಬದಲಿಸಿ, ಇಮೇಲ್ ಕಾಲಮ್ಮಿನ ತಲೆ ಮೇಲೆ ಕ್ಲಿಕ್ ಮಾಡಿ. ಒಂದೇ ಐಡಿ ಇರುವ ಕಾರ್ಡುಗಳೆಲ್ಲ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಕಣ್ಣಿಗೆ ಎಷ್ಟು ಹಿತ ಅಂದರೆ, ಮೊದಲ ಸಲ ಹೀಗೆ ನೋಡಿದಾಗ ಅರ್ಧ ಸಿಟ್ಟು ಇಳಿಯಿತು.

ಇದೇ ಆವೃತ್ತಿಯಲ್ಲಿ ಬಂದ ಇನ್ನೊಂದು ಬದಲಾವಣೆ ನನಗೆ ಇದಕ್ಕಿಂತ ದೊಡ್ಡದು. ಮೊದಲು ಒಂದು ಕಾರ್ಡಿನಲ್ಲಿ ಎರಡೇ ಇಮೇಲ್ ಇಡಬಹುದಿತ್ತು. ಮೂರನೆಯದು ಬಂದರೆ ಇನ್ನೊಂದು ಕಾರ್ಡ್ ಮಾಡಲೇಬೇಕಿತ್ತು. ಅಂದರೆ ಡುಪ್ಲಿಕೇಟನ್ನು ನಾವೇ ಹುಟ್ಟಿಸಬೇಕಿತ್ತು. ಈಗ ಎಷ್ಟು ಬೇಕಾದರೂ ಸೇರಿಸಬಹುದು. ಯಾವುದು ಮುಖ್ಯ ಅಂತ ಗುರುತು ಹಾಕಬಹುದು. ಸಂಘದ ಐಡಿ, ಕಾರ್ಯದರ್ಶಿಯ ಸ್ವಂತ ಐಡಿ, ಲೆಕ್ಕಪತ್ರ ನೋಡುವವರ ಐಡಿ, ಎಲ್ಲ ಒಂದೇ ಕಾರ್ಡಿನಲ್ಲಿ.

ಆದರೆ ನನಗೆ ಇಡೀ ಪ್ರೋಗ್ರಾಂನಲ್ಲಿ ತುಂಬಾ ಇಷ್ಟವಾಗಿರುವುದು ಯಾರೂ ಮಾತಾಡದ ಒಂದು ಸಣ್ಣ ಖಾನೆ: ನಿಕ್‌ನೇಮ್. ಅಲ್ಲಿ ಏನು ಬರೆದಿರುತ್ತೀರೋ ಅದನ್ನು ಟು ಅನ್ನುವಲ್ಲಿ ಹೊಡೆದರೆ ಆ ವ್ಯಕ್ತಿ ಬರುತ್ತಾರೆ. ನಾನು ಊರ ಹೆಸರು ಹಾಕಿದ್ದೇನೆ. ರೋಣ ಪಾಟೀಲ, ನರಗುಂದ ಪಾಟೀಲ, ಮುಂಡರಗಿ ಪಾಟೀಲ. ಒಂದೇ ಊರಿನ ಇಬ್ಬರಿದ್ದರೆ ಓಣಿಯ ಹೆಸರು. ನಮ್ಮ ತಂದೆ ಗಿರಾಕಿಗಳನ್ನು ಹೇಗೆ ಕರೆಯುತ್ತಿದ್ದರೋ ಹಾಗೇ ಈಗ ಕಂಪ್ಯೂಟರೂ ಗುರುತು ಹಿಡಿಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಕೂಡ ಯಾರನ್ನೂ ಕೇಳದೆ ಸರಿಯಾದವರಿಗೆ ಪ್ರೂಫ್ ಕಳಿಸುತ್ತಾಳೆ. ಇದನ್ನು ನೋಡಿದಾಗ ಆಗುವ ಖುಷಿ ದೊಡ್ಡದು.

ಕಲೆಕ್ಟೆಡ್ ಅಡ್ರೆಸಸ್ ಯಾಕೆ ನಿಲ್ಲಿಸಿಲ್ಲ ಅಂದೆನಲ್ಲ. ಸಂಜೆ ಮಷಿನ್ ನಿಂತ ಮೇಲೆ, ರೋಲರ್ ತೊಳೆಯುವ ಹೊತ್ತಿಗೆ, ನಾನು ಚಹಾ ಹಿಡಿದು ಆ ಪುಸ್ತಕ ತೆಗೆಯುತ್ತೇನೆ. ಆ ದಿನ ಸೇರಿದ ಹೊಸ ಐಡಿಗಳು ಅಲ್ಲಿರುತ್ತವೆ. ಒಂದೊಂದನ್ನೇ ನೋಡುತ್ತೇನೆ. ಮೊದಲೇ ಇರುವ ಗಿರಾಕಿಯದಾದರೆ ಅವರ ಕಾರ್ಡಿಗೆ ಐಡಿ ಸೇರಿಸಿ ಇಲ್ಲಿಂದ ಅಳಿಸುತ್ತೇನೆ. ಹೊಸಬರಾದರೆ ಊರು ಬರೆದು ಪರ್ಸನಲ್ ಪುಸ್ತಕಕ್ಕೆ ಎಳೆದು ಹಾಕುತ್ತೇನೆ. ಒಂದೇ ಸಲದ ಕೆಲಸವಾದರೆ ಅಳಿಸುತ್ತೇನೆ. ಹಿಂದೆ ಅಚ್ಚು ಮುಗಿದ ಮೇಲೆ ಸೀಸದ ಅಕ್ಷರದ ಮೊಳೆಗಳನ್ನು ಬಿಡಿಸಿ ಪೆಟ್ಟಿಗೆಯ ಆಯಾ ಮನೆಗೆ ಹಾಕುತ್ತಿದ್ದ ಹಾಗೆ. ಚಹಾ ಮುಗಿಯುವಷ್ಟರಲ್ಲಿ ಪುಸ್ತಕ ಖಾಲಿ. ದಿನದ ಈ ಹೊತ್ತು ನನಗೆ ಬಹಳ ಪ್ರಿಯ.

ಅಮಾವಾಸ್ಯೆ ದಿನ ಮಷಿನ್ ಪೂಜೆ ಆದ ಮೇಲೆ ಕೆಲಸ ಕಡಿಮೆ. ದೊಡ್ಡ ಸ್ವಚ್ಛತೆ ಆಗ. ಪುಸ್ತಕದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಒತ್ತಿ ವಿಕಾರ್ಡ್ ಅನ್ನುವ ವಿಳಾಸದ ಫೈಲ್ ಆಗಿ ಒಂದು ಪ್ರತಿ ಪೆನ್‌ಡ್ರೈವಿಗೆ ಹಾಕುತ್ತೇನೆ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಥಂಡರ್‌ಬರ್ಡ್‌ನಲ್ಲಿ ಅಳಿಸಿದ ಮೇಲ್‌ಗೆ ಟ್ರ್ಯಾಶ್ ಇದೆ, ಅಳಿಸಿದ ಕಾರ್ಡಿಗೆ ಇಲ್ಲ. ಹೋದರೆ ಹೋಯಿತು.

ಪಟ್ಟಿ ತೀರಾ ಕೆಟ್ಟಿದ್ದರೆ ಸಿಎಸ್‌ವಿ, ಅಂದರೆ ಸಾದಾ ಪಟ್ಟಿಯ ಫೈಲ್, ಆಗಿ ಎಕ್ಸ್‌ಪೋರ್ಟ್ ಮಾಡಿ ಲಿಬ್ರೆ ಆಫೀಸ್ ಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್‌ನಲ್ಲಿ ತೆಗೆಯಿರಿ. ತೆಗೆಯುವಾಗ ಬರುವ ಕಿಟಕಿಯಲ್ಲಿ ಯುಟಿಎಫ್-8 (ಯೂನಿಕೋಡ್ ಉಳಿಸುವ ಬಗೆ) ಆರಿಸಿ, ಇಲ್ಲದಿದ್ದರೆ ಕನ್ನಡ ಹೆಸರು ಹಾಳು. ಅಲ್ಲೇ ಫೋನ್ ನಂಬರಿನ ಕಾಲಮ್ಮನ್ನು ಟೆಕ್ಸ್ಟ್ ಅಂತ ಮಾಡಿ. ಇಲ್ಲದಿದ್ದರೆ ಗದಗದ ಎಸ್‌ಟಿಡಿ ಕೋಡ್ 08372ರ ಮೊದಲ ಸೊನ್ನೆ ಹಾರಿ ಹೋಗುತ್ತದೆ. ಐಡಿ ಪ್ರಕಾರ ಸಾಲು ಜೋಡಿಸಿ, ಬೇಡದ್ದು ತೆಗೆದು, ಹೊಸ ಪುಸ್ತಕ ಮಾಡಿ ಅದಕ್ಕೆ ಇಂಪೋರ್ಟ್ ಮಾಡಿ. ಹಳೆಯ ಪುಸ್ತಕಕ್ಕೇ ಇಂಪೋರ್ಟ್ ಮಾಡಿದರೆ ಇದ್ದ ಹೆಸರುಗಳ ಜೊತೆ ಮತ್ತೊಂದು ಸೆಟ್ ಸೇರುತ್ತದೆ. ಅದು ಹೋಲಿಸಿ ನೋಡುವುದಿಲ್ಲ.

ಹಲವರಿಗೆ ಒಟ್ಟಿಗೇ ಕಳಿಸಲು ಮೇಲಿಂಗ್ ಲಿಸ್ಟ್ ಬಳಸುವವರಿಗೆ ಒಂದು ಎಚ್ಚರಿಕೆ. ಲಿಸ್ಟ್ ಒಳಗೆ ಇರುವುದು ನಿರ್ದಿಷ್ಟ ಕಾರ್ಡ್. ಒಬ್ಬರದೇ ಎರಡು ಕಾರ್ಡುಗಳಲ್ಲಿ ಲಿಸ್ಟಿಗೆ ಸೇರಿದ ಕಾರ್ಡನ್ನೇ ಅಳಿಸಿದರೆ ಆ ಗಿರಾಕಿ ಲಿಸ್ಟಿನಿಂದಲೂ ಹೊರಗೆ. ಉಳಿದ ಕಾರ್ಡನ್ನು ನೀವೇ ಮತ್ತೆ ಸೇರಿಸಬೇಕು. ದೀಪಾವಳಿ ಕ್ಯಾಲೆಂಡರಿನ ದರಪಟ್ಟಿ ಕಳಿಸುವ ಮೊದಲು ನಾನು ಲಿಸ್ಟ್ ಒಂದು ಸಲ ತೆಗೆದು ಓದುತ್ತೇನೆ.

ಇಷ್ಟಾದರೂ ಬಟನ್ ಬೇಡ ಅಂತ ನಾನು ಹೇಳುವುದಿಲ್ಲ. ಐಡಿ ಒಂದೇ ಇದ್ದರೆ ತೋರಿಸು, ಸೇರಿಸುವುದು ನಾನು ಹೇಳಿದ ಮೇಲೆ ಅನ್ನುವಂಥ ಬಟನ್ ಬರಲಿ. ತಾನೇ ಸೇರಿಸುವುದು ಬೇಡ. ಕೆಲವೇ ನೂರು ಗಿರಾಕಿಗಳಿರುವ ನಮ್ಮಂಥ ಪ್ರೆಸ್ಸಿಗೆ, ದುಡ್ಡು ಕೊಡದೆ ಸಿಗುವ ಪ್ರೋಗ್ರಾಂನಲ್ಲಿ, ಸಂಜೆಯ ಚಹಾ ಹೊತ್ತಿನ ಕೆಲಸದಿಂದ ಇದು ಸಾಗುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಸಾವಿರಾರು ಹೆಸರುಗಳಿರುವ ಕಾಲೇಜು ಕಚೇರಿಗೆ ಕೈಯಿಂದ ಮಾಡುವುದು ಆಗದ ಮಾತು. ಅವರು 91ನೇ ಆವೃತ್ತಿಯಿಂದ ಇರುವ ಕಾರ್ಡ್‌ಡ್ಯಾವ್ (ನೆಟ್‌ನಲ್ಲಿರುವ ವಿಳಾಸ ಪಟ್ಟಿಯನ್ನು ಹೊಂದಿಸುವ ವ್ಯವಸ್ಥೆ) ಮೂಲಕ ಗೂಗಲ್ ಕಾಂಟ್ಯಾಕ್ಟ್ಸನ್ನೇ ಥಂಡರ್‌ಬರ್ಡ್‌ಗೆ ಜೋಡಿಸಿಕೊಳ್ಳಲಿ. ಗೂಗಲ್ ಕಡೆ ಮರ್ಜ್ ಮಾಡಿದರೆ ಇಲ್ಲೂ ಸರಿಯಾಗುತ್ತದೆ. ಅಲ್ಲಿ ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ಸೇರಿಸುವ ಮುಂಚೆ ಊರು ನೋಡಿಕೊಳ್ಳಿ ಅಷ್ಟೇ.

ಆಂಡ್ರಾಯ್ಡ್ ಫೋನಿಗೆ ಥಂಡರ್‌ಬರ್ಡ್ ಬಂದಿದ್ದು 2024ರ ಅಕ್ಟೋಬರ್‌ನಲ್ಲಿ. ಕಂಪ್ಯೂಟರಿನ ಪುಸ್ತಕ ಅದಕ್ಕೆ ಹೋಗುವುದಿಲ್ಲ, ಅದು ಫೋನಿನ ಕಾಂಟ್ಯಾಕ್ಟ್‌ಗಳನ್ನೇ ಬಳಸುತ್ತದೆ. ಅದಕ್ಕೇ ಫೋನಿನಲ್ಲಿ ನಾನು ಬಂದ ಮೇಲ್‌ಗೆ ಉತ್ತರ ಮಾತ್ರ ಕೊಡುತ್ತೇನೆ. ಹೊಸ ಮೇಲ್, ಪ್ರೂಫ್, ದರಪಟ್ಟಿ ಎಲ್ಲ ಪ್ರೆಸ್ಸಿನ ಕಂಪ್ಯೂಟರಿನಿಂದಲೇ ಹೋಗುತ್ತವೆ.