ಸ್ಪಂಜೋ, ಬಿಳಿ ತುಂಡೋ: ಕಾಸರಗೋಡಿನ ಧೂಳಿಗೆ, ಮಳೆಗೆ ಯಾವ ಸಿಪ್ಯಾಪ್ ಫಿಲ್ಟರ್?

ಕಳೆದ ಮಾರ್ಚಿನಲ್ಲಿ ಭಾವ ಮನೆಗೆ ಬಂದಿದ್ದಾಗ ಜಗಲಿಯಲ್ಲಿ ಹಳೇ ಪೇಪರ್ ಹಾಸಿ, ನಮ್ಮಿಬ್ಬರ ಸಿಪ್ಯಾಪ್ ಯಂತ್ರಗಳ (ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ಮಾಸ್ಕಿನ ಮೂಲಕ ಗಾಳಿ ದೂಡುವ ಯಂತ್ರ) ಫಿಲ್ಟರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ನನ್ನದು ಹೆಚ್ಚುಕಡಿಮೆ ಬೆಂಕಿಪೆಟ್ಟಿಗೆಯಷ್ಟಿರುವ ಬಿಳಿ ತುಂಡು. ಬಿಳಿ ಅನ್ನುವುದು ಹೆಸರಿಗೆ ಮಾತ್ರ, ಬಣ್ಣ ಒಣಗಿದ ಅಡಿಕೆ ಸಿಪ್ಪೆಯ ಹಾಗಾಗಿತ್ತು. ಭಾವನದ್ದು ಕಪ್ಪು ಸ್ಪಂಜು. ಅದರಲ್ಲಿ ಕೊಳೆ ಇದ್ದರೂ ಕಣ್ಣಿಗೆ ಕಾಣುವುದಿಲ್ಲ.

"ನೋಡು, ನನ್ನದು ಕ್ಲೀನ್ ಉಂಟು" ಅಂದರು ಭಾವ.

ನಾನು ಅದನ್ನು ತೆಗೆದು ಪೇಪರಿನ ಮೇಲೆ ಒಮ್ಮೆ ತಟ್ಟಿದೆ. ಚಿಟಿಕೆ ಕುಂಕುಮದಷ್ಟು ಕೆಂಪು ಧೂಳು ಬಿತ್ತು. ಭಾವ ಮಾತಾಡಲಿಲ್ಲ. ಅಕ್ಕ ಒಳಗಿಂದ ನೋಡಿ, "ಇದನ್ನೆಲ್ಲಾ ರಾತ್ರಿಯಿಡೀ ಮೂಗಿಗೆ ಎಳೆದುಕೊಳ್ಳುವುದಾ ನೀವು?" ಅಂದಳು. ಎಳೆದುಕೊಳ್ಳಬಾರದು ಅಂತಲೇ ಅಲ್ವಾ ಫಿಲ್ಟರ್ ಇರುವುದು!

ನಮಗಿಬ್ಬರಿಗೂ ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ತೊಂದರೆ. ನಾನು ಯಂತ್ರ ಹಾಕಿಕೊಳ್ಳಲು ಶುರು ಮಾಡಿದ್ದು 2019ರಲ್ಲಿ, ಭಾವ ಅದಾಗಿ ಎರಡು ವರ್ಷಕ್ಕೆ. ನನ್ನ ಮನೆ ಪೆರ್ಲದ ಕಡೆ, ಸುತ್ತ ಅಡಿಕೆ ತೋಟ. ಅವರದ್ದು ಉಪ್ಪಳದಲ್ಲಿ, ಹೆದ್ದಾರಿ ಬದಿ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದ ವರ್ಷಗಳಲ್ಲಿ ಅವರ ಕಿಟಕಿಯ ಸರಳಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಹೀಗೆ ಎರಡು ಮನೆ, ಎರಡು ನಮೂನೆಯ ಧೂಳು, ಎರಡು ನಮೂನೆಯ ಯಂತ್ರ. ಈ ಹೋಲಿಕೆ ಹುಟ್ಟಿದ್ದು ಅಲ್ಲಿಂದ.

ಮೊದಲು ಒಂದು ಲೆಕ್ಕ. ಸಿಪ್ಯಾಪ್ ಯಂತ್ರದೊಳಗೆ ಆಮ್ಲಜನಕದ ಸಿಲಿಂಡರ್ ಇಲ್ಲ. ಕೋಣೆಯ ಗಾಳಿಯನ್ನೇ ಎಳೆದು ಒತ್ತಡದಲ್ಲಿ ದೂಡುವ ಫ್ಯಾನ್ ಅದು, ಅಷ್ಟೇ. 1981ರಲ್ಲಿ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಈ ಚಿಕಿತ್ಸೆಯ ಬಗ್ಗೆ ಮೊದಲು ಬರೆದರು. ಶುರುವಿನ ಯಂತ್ರಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಮೋಟರನ್ನೇ ಬಳಸಿದ್ದರಂತೆ. ಮಾಸ್ಕಿನ ಸಣ್ಣ ತೂತುಗಳಿಂದ ಗಾಳಿ ಸದಾ ಹೊರಗೆ ಹೋಗುತ್ತಲೇ ಇರುತ್ತದೆ. ಒತ್ತಡ ಹತ್ತರ ಆಸುಪಾಸು (ಈ ಯಂತ್ರಗಳ ಒತ್ತಡವನ್ನು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ ಅಳೆಯುತ್ತಾರೆ) ಇದ್ದರೆ ನಿಮಿಷಕ್ಕೆ 30 ಲೀಟರ್ ಅಂತ ಇಟ್ಟುಕೊಳ್ಳಿ. ಏಳು ಗಂಟೆ ನಿದ್ದೆಗೆ 12,600 ಲೀಟರ್. ತಾರಸಿ ಮೇಲಿನ ಸಾವಿರ ಲೀಟರಿನ ಟ್ಯಾಂಕಿ ಇದೆಯಲ್ಲ, ಅಂಥ ಹನ್ನೆರಡೂವರೆ ಟ್ಯಾಂಕಿಯಷ್ಟು ಗಾಳಿ ಆ ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ನುಗ್ಗಿ ಹೋಗಬೇಕು. ದಿನಾ.

ನನ್ನದು ರೆಸ್‌ಮೆಡ್ ಏರ್‌ಸೆನ್ಸ್ 10. ಅದರ ಜೊತೆ ಬರುವುದು ಪಾಲಿಯೆಸ್ಟರ್ ನೂಲಿನ ಸಾದಾ ಫಿಲ್ಟರ್. ಆಗಾಗ ತೆಗೆದು ನೋಡಿ, ಆರು ತಿಂಗಳಿಗೊಮ್ಮೆಯಾದರೂ ಬದಲಿಸಿ, ತೂತು ಬಿದ್ದರೆ ಅಥವಾ ಧೂಳು ಕಟ್ಟಿದರೆ ಅದಕ್ಕೂ ಮೊದಲೇ ಬದಲಿಸಿ, ತೊಳೆಯಬೇಡಿ: ಕೈಪಿಡಿ ಹೇಳುವುದು ಇಷ್ಟು. ನಾನು ತೊಳೆದೆ.

ಅದಕ್ಕೆ ಕಾರಣ ಇತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಕರ್ನಾಟಕದ ಕಡೆಯಿಂದ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ತಲಪಾಡಿಯಲ್ಲಿ ಆಂಬುಲೆನ್ಸಿಗೇ ದಾರಿ ಇಲ್ಲದಾಗ ನನ್ನ ಫಿಲ್ಟರಿನ ಗೋಳು ಕೇಳುವವರು ಯಾರು? ನಮಗೆ ಏನೇ ಬೇಕಾದರೂ ಮಂಗಳೂರು. ಔಷಧಿ, ಆಸ್ಪತ್ರೆ, ಮದುವೆ ಸೀರೆ, ಎಲ್ಲಾ ಅಲ್ಲೇ. ಕೈಯಲ್ಲಿದ್ದ ಫಿಲ್ಟರಿಗೆ ಎಂಟು ತಿಂಗಳಾಗಿತ್ತು. ನಳ್ಳಿ ಕೆಳಗೆ ಹಿಡಿದು, ಮೆಲ್ಲ ಹಿಂಡಿ, ಒಣಗಿಸಿದೆ. ನೋಡಲು ಹೊಸತರ ಹಾಗೇ ಕಂಡಿತು. ಕಿಟಕಿ ಬೆಳಕಿಗೆ ಎತ್ತಿ ಹಿಡಿದಾಗ ಗೊತ್ತಾಯಿತು. ನೂಲೆಲ್ಲ ಒಂದು ಕಡೆ ಗುಡ್ಡೆಯಾಗಿ, ನಡುವೆ ಆಚೆ ಕಡೆಯ ತೆಂಗಿನಮರ ಕಾಣುತ್ತಿತ್ತು. ಅದನ್ನೇ ಹಾಕಿ ಇನ್ನೂ ಮೂರು ವಾರ ತಳ್ಳಿದೆ. ಬೇರೆ ದಾರಿ ಇರಲಿಲ್ಲ. ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾತ್ರ ಅವತ್ತಿನಿಂದ ಉಳಿಯಿತು. ಯಾವ ಫಿಲ್ಟರನ್ನೂ ಈಗ ಬಣ್ಣ ನೋಡಿ ನಂಬುವುದಿಲ್ಲ.

ಭಾವನ ಸ್ಪಂಜಿಗೆ ಬರುತ್ತೇನೆ. ಅದನ್ನು ತೊಳೆಯಬಹುದು, ತೊಳೆಯಲೇಬೇಕು. ಎರಡು ವಾರಕ್ಕೊಮ್ಮೆ ಬೆಚ್ಚಗಿನ ನೀರಲ್ಲಿ ಸ್ವಲ್ಪ ಸೋಪು ಹಾಕಿ ಹಿಂಡಿ, ಸೋಪೆಲ್ಲ ಹೋಗುವಂತೆ ಜಾಲಿಸಿ, ಪೂರ್ತಿ ಒಣಗಿದ ಮೇಲೆ ಹಾಕಬೇಕು. ದುಡ್ಡಿನ ಲೆಕ್ಕದಲ್ಲಿ ಅದನ್ನು ಮೀರಿಸುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ನಾನು ಕೂಡ ಸ್ಪಂಜಿನ ಪಕ್ಷವೇ. ಉಪ್ಪಳದ ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ಹೆದ್ದಾರಿಯ ಕೆಂಪು ಮಣ್ಣು ಕಾಳು ಕಾಳಾಗಿರುವುದರಿಂದ ಸ್ಪಂಜಿನ ಹೊರಮೈಯಲ್ಲೇ ನಿಲ್ಲುತ್ತದೆ, ನೀರು ತಾಗಿದ ಕೂಡಲೇ ಬಿಡುತ್ತದೆ.

ತೊಂದರೆ ಇರುವುದು ಜೂನ್ ಬಂದ ಮೇಲೆ. "ಪೂರ್ತಿ ಒಣಗಿದ ಮೇಲೆ" ಅಂತ ಬರೆದವರು ನಮ್ಮ ಆಟಿ ತಿಂಗಳು ನೋಡಿರಲಿಕ್ಕಿಲ್ಲ. ಒಗೆದ ಪಂಚೆ ನಾಲ್ಕು ದಿನವಾದರೂ ಒದ್ದೆ ಇರುವ ಊರು ಇದು. ಸ್ಪಂಜಿನ ಹೊರಮೈ ಒಣಗಿದಂತೆ ಕಾಣುತ್ತದೆ, ಒತ್ತಿದರೆ ಒಳಗೆ ತಣ್ಣಗೆ. ಭಾವ ಒಂದು ಸಲ ಹಾಗೆಯೇ ಹಾಕಿ ಮಲಗಿದರು. ಎರಡನೇ ರಾತ್ರಿಗೆ ಬೂಸಲು ವಾಸನೆ. ಆಮೇಲೆ ಬುದ್ಧಿ ಖರ್ಚು ಮಾಡಿ ಬಚ್ಚಲಿನ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ನೇತು ಹಾಕಿದರು. ಒಣಗಿತು. ಅವತ್ತು ರಾತ್ರಿ ಹನ್ನೊಂದಕ್ಕೆ ನನಗೆ ಫೋನು.

"ಮಾರಾಯ, ಮಾಸ್ಕ್ ಹಾಕಿದ್ರೆ ಹೊಗೆ ಗೂಡಿನೊಳಗೆ ಮಲಗಿದ ಹಾಗೆ ಆಗ್ತದೆ. ಎಂತ ಮಾಡುವುದು?"

ಸ್ಪಂಜು ತೆಂಗಿನ ಮಡಲಿನ ಹೊಗೆಯನ್ನೆಲ್ಲ ಹೀರಿಕೊಂಡಿತ್ತು. ತೆಗೆದು ಬಿಸಾಡಿ ಅಂದೆ. ಬಿಸಾಡಲಿಲ್ಲ, ಮತ್ತೆ ತೊಳೆದರು. ಮತ್ತೆ ಒದ್ದೆ.

ಹಾಗಾಗಿ ನನ್ನ ತೀರ್ಪು: ಬೇಸಿಗೆಗೆ ಸ್ಪಂಜು, ಮಳೆಗಾಲಕ್ಕೆ ಬಿಳಿ ತುಂಡು. ಆದರೆ ಒಬ್ಬೊಬ್ಬರ ಯಂತ್ರಕ್ಕೆ ಒಂದೊಂದು ಅಳತೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಕೆಲವು ಯಂತ್ರಗಳಲ್ಲಿ ಎರಡೂ ಇರುತ್ತವೆ, ಹೊರಗೆ ತೊಳೆಯುವ ಸ್ಪಂಜು, ಅದರ ಹಿಂದೆ ತಿಂಗಳಿಗೊಮ್ಮೆ ಬಿಸಾಡುವ ನುಣುಪು ಫಿಲ್ಟರ್, ಅಂದರೆ ಇನ್ನೂ ಸಣ್ಣ ಧೂಳನ್ನು ಹಿಡಿಯುವಂಥದ್ದು. ಹೊಸತಾಗಿ ಕೊಳ್ಳುವವರು ಅಂಗಡಿಯಲ್ಲಿ ಒತ್ತಡ, ಸದ್ದು, ಆ್ಯಪ್ ಅಂತೆಲ್ಲ ಕೇಳುತ್ತಾರೆ. ಫಿಲ್ಟರ್ ಯಾವ ನಮೂನೆಯದ್ದು ಅಂತ ಕೇಳುವವರನ್ನು ನಾನು ನೋಡಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2021ರಲ್ಲಿ ಫಿಲಿಪ್ಸ್ ಕಂಪನಿ ತನ್ನ ಬಹಳಷ್ಟು ಯಂತ್ರಗಳನ್ನು ವಾಪಸ್ ಕರೆಯಿತು. ಸುದ್ದಿಯಲ್ಲಿ "ಸ್ಪಂಜು ಪುಡಿಯಾಗುತ್ತದೆ" ಅಂತ ಕೇಳಿ ಭಾವ ತಮ್ಮ ಫಿಲ್ಟರ್ ಬಿಚ್ಚಿ ಬದಿಗಿಟ್ಟಿದ್ದರು. ಅವರದ್ದು ಆ ಕಂಪನಿಯ ಯಂತ್ರವೇ ಅಲ್ಲ. ಮೇಲಾಗಿ ಅಲ್ಲಿ ತೊಂದರೆ ಇದ್ದದ್ದು ಯಂತ್ರದ ಒಳಗೆ ಸದ್ದು ತಗ್ಗಿಸಲು ಕೂರಿಸಿದ ಸ್ಪಂಜಿನದ್ದು, ನಾವು ತೆಗೆದು ತೊಳೆಯುವ ಫಿಲ್ಟರಿನದ್ದಲ್ಲ. ಫಿಲ್ಟರ್ ಇಲ್ಲದೆ ಯಂತ್ರ ಓಡಿಸುವುದು ಒಂದು ರಾತ್ರಿಗೂ ಬೇಡ. ಧೂಳು ನೇರ ಮೋಟರಿಗೆ, ಅಲ್ಲಿಂದ ನಮ್ಮ ಮೂಗಿಗೆ.

ಮೂರನೆಯದ್ದು ನುಣುಪು ಫಿಲ್ಟರ್. ಅಲರ್ಜಿ ಇರುವವರಿಗೆ ಅಂತ ಮಾರುತ್ತಾರೆ. ನನ್ನ ಯಂತ್ರದಲ್ಲಿ ಸಾದಾ ಫಿಲ್ಟರ್ ಇದ್ದ ಜಾಗದಲ್ಲೇ ಇದನ್ನು ಕೂರಿಸುವುದು, ಒಂದರ ಮೇಲೊಂದು ಅಲ್ಲ. ನನ್ನ ಯಂತ್ರದ ವಿವರಪಟ್ಟಿಯಲ್ಲಿ ಸಾದಾ ಫಿಲ್ಟರ್ ಸುಮಾರು 7 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಧೂಳಿನಲ್ಲಿ 75 ಶೇಕಡಕ್ಕಿಂತ ಜಾಸ್ತಿ ಹಿಡಿಯುತ್ತದೆ ಅಂತ ಇದೆ. ನುಣುಪಿನದ್ದು 7-8 ಮೈಕ್ರಾನಿನದ್ದರಲ್ಲಿ 98 ಶೇಕಡಕ್ಕಿಂತ ಜಾಸ್ತಿ, ಅರ್ಧ ಮೈಕ್ರಾನಿನದ್ದರಲ್ಲೂ 80ಕ್ಕಿಂತ ಜಾಸ್ತಿ. ಕಾಗದದಲ್ಲಿ ದೊಡ್ಡ ವ್ಯತ್ಯಾಸ. ಮೂಗಿಗೆ?

ಅಡಿಕೆ ಸುಲಿಯುವ ಸಮಯ ನೋಡಿ ಪರೀಕ್ಷೆ ಮಾಡಿದೆ. ಫೆಬ್ರವರಿ ಬಂದರೆ ನಮ್ಮ ಅಂಗಳದಲ್ಲಿ ಸುಲಿಯುವ ಯಂತ್ರದ ಗರಗರ. ಒಣ ಸಿಪ್ಪೆಯ ಧೂಳು ತಿಳಿ ಕಂದು, ಹಿಟ್ಟಿನಷ್ಟು ಸಣ್ಣ, ಕುತ್ತಿಗೆಗೆ ತಾಗಿದರೆ ತುರಿಕೆ. ಸಾದಾ ಫಿಲ್ಟರ್ ಹಾಕಿದ ಎರಡು ವಾರ ದಿನಾ ಬೆಳಿಗ್ಗೆ ಸೀನು, ಒಂದು ಹೊಳ್ಳೆ ಬಂದ್. ನುಣುಪಿನದ್ದು ಹಾಕಿದ ಎರಡು ವಾರ ಬಹುಪಾಲು ಆರಾಮ. ಮತ್ತೆ ಸಾದಾ ಹಾಕಿದೆ, ಮೂರನೇ ದಿನಕ್ಕೆ ಸೀನು ಹಾಜರ್. ಅಲ್ಲಿಗೆ ಒಪ್ಪಿಕೊಂಡೆ.

ಆದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಆರು ತಿಂಗಳು ಅಂತ ನಂಬಿ ಕೂತರೆ ಆಗದು. ಆರೇ ವಾರಕ್ಕೆ ಹೊರಮೈ ಚಾ ಸೋಸುವ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು, ಯಂತ್ರದ ಸದ್ದೂ ಸ್ವಲ್ಪ ಏರಿತ್ತು. ಮಾಸ್ಕಿನಲ್ಲಿ ಸೋರಿಕೆ ಜಾಸ್ತಿ ಇದ್ದರೆ ಈ ಫಿಲ್ಟರಿನಿಂದ ಒತ್ತಡದ ಲೆಕ್ಕ ಸ್ವಲ್ಪ ತಪ್ಪಬಹುದು ಅಂತ ಕೈಪಿಡಿಯೂ ಹೇಳುತ್ತದೆ. ಹಾಗಾಗಿ ವರ್ಷಪೂರ್ತಿ ಬೇಡ. ನಾನು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಹಾಕುತ್ತೇನೆ.

ಇನ್ನು ಅಗ್ಗದ್ದು. ಆನ್‌ಲೈನಿನಲ್ಲಿ "ಎಲ್ಲಾ ಯಂತ್ರಕ್ಕೂ ಸರಿಹೊಂದುತ್ತದೆ" ಅಂತ ಹತ್ತರ ಕಟ್ಟು ಸಿಕ್ಕಿತು. ಕಂಪನಿಯದ್ದು ಎರಡು ತೆಗೆದುಕೊಳ್ಳುವ ದುಡ್ಡಿಗೆ ಹತ್ತು. ಖುಷಿಯಾಯಿತು. ಒಂದೂವರೆ ತಿಂಗಳಾದ ಮೇಲೆ ತೆಗೆದು ನೋಡಿದರೆ ಫಿಲ್ಟರ್ ಬೆಳ್ಳಗೆ! ಒಳ್ಳೆಯದಾಯಿತು ಅಂದುಕೊಳ್ಳುವಷ್ಟರಲ್ಲಿ ಟಾರ್ಚ್ ಬೆಳಕು ಅದು ಕೂರುವ ಗೂಡಿನೊಳಗೆ ಬಿತ್ತು. ಬಲಗಡೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎಳೆದ ಹಾಗೆ ಕಂದು ಗೆರೆ. ಫಿಲ್ಟರನ್ನು ಒಂದು ಕೂದಲೆಳೆಯಷ್ಟು ಕಿರಿದಾಗಿ ಕತ್ತರಿಸಿದ್ದರು. ಗಾಳಿಗೆ ಕಷ್ಟದ ದಾರಿ ಯಾಕೆ? ಸಂದಿಯಲ್ಲೇ ನುಗ್ಗಿದೆ. ಅಂದರೆ ನನ್ನ ಫಿಲ್ಟರ್ ಕೆಲಸವೇ ಮಾಡದೆ ಬೆಳ್ಳಗಿತ್ತು. ಉಳಿದ ಒಂಬತ್ತನ್ನು ಅಳೆದು ನೋಡಿದೆ, ನಾಲ್ಕು ಸರಿಯಾಗಿ ಕೂತವು, ಐದು ಇಲ್ಲ. ಅಗ್ಗದ್ದೆಲ್ಲ ಕೆಟ್ಟದು ಅನ್ನುವುದಿಲ್ಲ. ಕೂರಿಸಿ, ಅಂಚಿನ ಸುತ್ತ ಬೆರಳಾಡಿಸಿ, ಸಂದಿ ಇದ್ದರೆ ಬಿಡಿ.

ಪಂಚೆ ತುಂಡು, ಹಳೇ ಎನ್-95 ಮಾಸ್ಕ್ ಕತ್ತರಿಸಿ ಹಾಕುವ ಉಪಾಯಗಳೂ ನಮ್ಮ ಜಗಲಿಯಲ್ಲಿ ಚರ್ಚೆಗೆ ಬಂದವು. ಬೇಡ. ಗಾಳಿ ಎಷ್ಟು ತಡೆಯುತ್ತದೋ ಗೊತ್ತಿಲ್ಲದ ಬಟ್ಟೆ ಹಾಕಿ ಮೋಟರನ್ನು ಏದುಸಿರು ಬಿಡಿಸುವುದು ಯಾಕೆ?

ಸೊಳ್ಳೆ ಬತ್ತಿಯ ವಿಷಯ ಹೇಳದಿದ್ದರೆ ಆಗದು. ಒಂದು ತಿಂಗಳು ಕೋಣೆಯಲ್ಲಿ ಬತ್ತಿ ಹಚ್ಚಿ ಮಲಗಿದೆ, ಮುಂದಿನ ತಿಂಗಳು ಪರದೆ ಕಟ್ಟಿ. ಎರಡೂ ತಿಂಗಳು ಹೊಸ ಸಾದಾ ಫಿಲ್ಟರ್. ಬತ್ತಿ ಹಚ್ಚಿದ ತಿಂಗಳಿನದ್ದು ದೀಪದ ಗೂಡಿನ ಹಾಗೆ ಮಾಸಿತ್ತು, ಪರದೆಯದ್ದು ಬರೀ ಸ್ವಲ್ಪ ಹಳದಿ. ಹೊಗೆಯ ಕಣ ಅರ್ಧ ಮೈಕ್ರಾನಿಗಿಂತಲೂ ಸಣ್ಣ, ನುಣುಪಿನದ್ದು ಕೂಡ ಎಲ್ಲವನ್ನೂ ಹಿಡಿಯುವುದಿಲ್ಲ. ವಾಸನೆಯಂತೂ ಯಾವ ಫಿಲ್ಟರಿಗೂ ನಿಲ್ಲುವುದಿಲ್ಲ. ಬತ್ತಿ, ಊದುಬತ್ತಿ, ಪಕ್ಕದ ತೋಟದಲ್ಲಿ ಸುಡುವ ಸೋಗೆ, ಎಲ್ಲಾ ನೇರ ಮಾಸ್ಕಿಗೆ. ನಮ್ಮಲ್ಲಿ ಈಗ ಪರದೆಯೇ. ಫಿಲ್ಟರಿಗೆ ನೀಲಗಿರಿ ಎಣ್ಣೆ ಹಾಕಿದರೆ ಮೂಗು ಬಿಡುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಲೂ ಹೋಗಬೇಡಿ.

ದುಡ್ಡಿಲ್ಲದೆ ಆದ ಉಪಕಾರ ಒಂದಿದೆ. ಯಂತ್ರ ಮೊದಲು ಅಂಗಳದ ಕಡೆ ಕಿಟಕಿಯ ಕೆಳಗೆ ನೆಲದ ಮೇಲಿತ್ತು. ಅದನ್ನು ಮಂಚದ ಇನ್ನೊಂದು ಬದಿಗೆ, ಸ್ಟೂಲಿನ ಮೇಲೆ ಇಟ್ಟೆ. ಹಾಸಿಗೆಗಿಂತ ಸ್ವಲ್ಪ ತಗ್ಗಿನಲ್ಲಿ, ಪರದೆ ಬಟ್ಟೆ ತಾಗದ ಹಾಗೆ. ಗುಡಿಸುವ ಧೂಳು ನೆಲದಿಂದ ಏಳುವುದು ಅಲ್ವಾ? ಅದೇ ಸಾದಾ ಫಿಲ್ಟರ್, ಮೊದಲು ಎರಡು ತಿಂಗಳಿಗೆ ಆಗುತ್ತಿದ್ದ ಬಣ್ಣಕ್ಕೆ ಈಗ ನಾಲ್ಕು ತಿಂಗಳು ಬೇಕು.

ಬದಲಿಸಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಸಂಕ್ರಮಣದ ಮನೆಯೊಳಗೇ "ಫಿ" ಅಂತ ಬರೆಯುತ್ತೇನೆ. ಪ್ರತಿ ಸಂಕ್ರಮಣಕ್ಕೆ ತೆಗೆದು ಬೆಳಕಿಗೆ ಹಿಡಿಯುವುದು. ಮಂಗಳೂರಿಗೆ ಯಾರು ಹೋದರೂ ಎರಡು ಹೆಚ್ಚಿಗೆ ತರಿಸಿ ಕಪಾಟಿನಲ್ಲಿ ಇಡುವುದು, 2020ರ ಹೆದರಿಕೆ ಇನ್ನೂ ಹೋಗಿಲ್ಲ.

ಭಾವ ಸ್ಪಂಜು ಬಿಡಲು ಒಪ್ಪಲಿಲ್ಲ. ಬದಲಿಗೆ ಐದು ಸ್ಪಂಜು ಒಟ್ಟಿಗೆ ತರಿಸಿದರು. ಮೇ ಕೊನೆಯಲ್ಲಿ ಎಲ್ಲವನ್ನೂ ತೊಳೆದು ಗರಿಗರಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟು, ಮಳೆಗಾಲದಲ್ಲಿ ಎರಡೆರಡು ವಾರಕ್ಕೆ ಒಂದೊಂದೇ ತೆಗೆಯುವುದು ಅವರ ಯೋಜನೆ. ಯೋಚನೆ ಒಳ್ಳೆಯದೇ, ನನಗೆ ಹೊಳೆದಿರಲಿಲ್ಲ. ಒಣಗಿಸಲು ಮಾತ್ರ ತಾರಸಿಯಲ್ಲಿ ಅಕ್ಕ ಹಲಸಿನ ಹಪ್ಪಳ ಹಾಕಿದ್ದ ಚಾಪೆಯ ಮೂಲೆಯನ್ನೇ ಆರಿಸಿಕೊಂಡರು. ನಾನು ಹೋದಾಗ ಐದೂ ಸ್ಪಂಜು ಮೆಟ್ಟಿಲಲ್ಲಿ ಬಿದ್ದಿದ್ದವು. ಭಾವ ಒಂದೊಂದನ್ನೇ ಹೆಕ್ಕುತ್ತಿದ್ದರು.