ಫೋರ್ಟಲ್ಲಿ 12 ವರ್ಷ ಹೊರಗಡೆ ಮಧ್ಯಾಹ್ನದ ಊಟ ಮಾಡಿದ ಮೇಲೆ

ಮನೆ ಡೊಂಬಿವಲಿ, ಆಫೀಸು ಮುಂಬೈನ ಫೋರ್ಟು. ಬೆಳಿಗ್ಗೆ 7.40ರ ಲೋಕಲ್ ಹಿಡಿಯೋ ಗಡಿಬಿಡಿಲಿ ಡಬ್ಬ ಕಟ್ಟೋದು ವಾರಕ್ಕೆ ಎರಡು ದಿನ ಆದ್ರೆ ಹೆಚ್ಚು, ಉಳಿದ ದಿನ ಎಲ್ಲಾ ಹೋಟೆಲೇ, 12 ವರ್ಷದಿಂದ ಹೀಗೇ ನಡೀತಿದೆ. ಒಂದ್ಸಲ ಹೋಗಿ ಫೋಟೋ ತೆಗ್ದು ಬರೋರಿಗೆ ರುಚಿ ಒಂದಿದ್ರೆ ಸಾಕು, ನಮ್ಮಂಗೆ ದಿನಾ ಉಣ್ಣೋರಿಗೆ ಅಷ್ಟು ಸಾಲಲ್ಲ, ಇವತ್ತು ಯಾವುದು ಚೆನ್ನಾಗಿಲ್ಲ ಅಂತ ಬಾಯಿ ಬಿಟ್ಟು ಹೇಳೋ ಹೋಟೆಲ್ ಬೇಕು. ನಾನು ನೋಡೋದು ಅದನ್ನೇ.

ಮೊದಲು ಮಾಟುಂಗಾದ ರಾಮನಾಯಕ್. ಶನಿವಾರ ನಾನು ಮೀನು ಮುಟ್ಟಲ್ಲ, ಅರ್ಧ ದಿನ ಆಫೀಸು ಮುಗ್ಸಿ ವಿಟಿಯಿಂದ (ಈಗಿನ ಸಿಎಸ್ಎಂಟಿ ಸ್ಟೇಷನ್) ಸ್ಲೋ ಟ್ರೈನ್ ಹತ್ತಿ (ಫಾಸ್ಟ್ ಹತ್ತಿದ್ರೆ ಮಾಟುಂಗಾದಲ್ಲಿ ನಿಲ್ಲಲ್ಲ, ಹೊಸಬರು ನೋಡ್ಕೊಳ್ಳಿ) ಸ್ಟೇಷನ್ ಪಕ್ಕದಲ್ಲೇ ಇರೋ ಮಾರ್ಕೆಟ್ ಬಿಲ್ಡಿಂಗಿನ ಮೆಟ್ಲು ಹತ್ತಿದ್ರೆ ಶ್ರೀ ಕೃಷ್ಣ ಬೋರ್ಡಿಂಗ್, ರಾಮನಾಯಕ್ ಅಂದ್ರೆ ಇದೇ. 1942ರಿಂದ ಇದೆ. ಕೌಂಟರಲ್ಲಿ ದುಡ್ಡು ಕೊಟ್ಟು ಕೂಪನ್ ತಗೊಂಡು ಕಾಯ್ಬೇಕು, ಶನಿವಾರ ಭಾನುವಾರ ರಶ್ ಜೋರು. ತಟ್ಟೆ ಊಟನೂ ಇದೆ ಬಾಳೆಲೆ ಊಟನೂ ಇದೆ, ನನ್ನ ಕೇಳಿದ್ರೆ ಬಾಳೆಲೆ. ಸೋಮವಾರ ರಜೆ, ಒಂದ್ಸಲ ಊರಿಂದ ಬಂದ ಅಪ್ಪನ್ನ ಕರ್ಕೊಂಡು ಹೋಗಿ ಮುಚ್ಚಿದ ಬಾಗಿಲು ನೋಡಿ ವಾಪಸ್ ಬಂದಿದೀನಿ.

ಅಲ್ಲಿನ ಸಾರು ಬಗ್ಗೆ ಹೇಳ್ಲೇಬೇಕು. ಸಣ್ಣ ಬಟ್ಟಲಲ್ಲಿ ತಂದಿಡ್ತಾರೆ, ಮೇಲೆ ಕೊತ್ತಂಬರಿ ಸೊಪ್ಪು ತೇಲ್ತಾ ಇರುತ್ತೆ, ಬಟ್ಟಲು ಬರಿಗೈಲಿ ಹಿಡ್ಯಕ್ಕಾಗಲ್ಲ ಅಷ್ಟು ಬಿಸಿ. ನಾನು ಅನ್ನಕ್ಕೆ ಹಾಕ್ಕೊಳ್ಳೋಕೆ ಮುಂಚೆ ಅರ್ಧ ಹಾಗೇ ಕುಡೀತೀನಿ, ಮೊದಲು ಹುಳಿ, ಆಮೇಲೆ ಮೆಣಸು ಗಂಟಲಲ್ಲಿ ಸಣ್ಣಗೆ ಕಚ್ಚುತ್ತೆ. ಬಕೆಟ್ ಹಿಡ್ಕೊಂಡು ಬರೋರು ಎಲೆ ನೋಡೇ ಯಾವುದು ಖಾಲಿ ಆಗಿದೆ ಅಂತ ತಿಳ್ಕೊಳ್ತಾರೆ. ಇನ್ನೊಂದು ವಿಷಯ, ಗಿರಾಕಿಗಳು ಅಡುಗೆಮನೆ ನೋಡ್ಬಹುದು, ಮುಚ್ಚುಮರೆ ಇಲ್ಲ. ನಾನು ನೋಡಿದೀನಿ, ಒದ್ದೆ ನೆಲ, ಹಬೆ, ದೊಡ್ಡ ದೊಡ್ಡ ಪಾತ್ರೆ, ಎಲ್ಲಾ ಕಣ್ಣೆದುರಿಗೇ. ಅವತ್ತಿಂದ ಅಲ್ಲಿ ಏನು ಬಡಿಸಿದ್ರೂ ಯೋಚನೆ ಮಾಡ್ದೆ ಉಣ್ತೀನಿ.

ಇರಾನಿಂದ ಬಂದವರು ಶುರು ಮಾಡಿದ ಇರಾನಿ ಹೋಟೆಲ್‌ಗಳು ನನಗೆ ದಿನದ ಊಟಕ್ಕಲ್ಲ, ಹಸಿವು ಕಮ್ಮಿ ಇದ್ದಾಗ. ಧೋಬಿ ತಲಾವ್‌ನ ಕಯಾನಿ (1904ರದ್ದು) ಮಧ್ಯಾಹ್ನ ಮೂರರ ಹೊತ್ತಿಗೆ ಒಳ್ಳೇದು, ಅಕೂರಿ (ಮಸಾಲೆ ಹಾಕಿದ ಮೊಟ್ಟೆ ಬುರ್ಜಿ), ಪಾವ್, ಒಂದು ಚಾ. ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದ್ದು, ಮಧ್ಯಾಹ್ನ ಮಾತ್ರ ತೆಗೆದಿರುತ್ತೆ, ಅಲ್ಲಿಯ ಬೆರಿ ಪುಲಾವ್ ಸಂಬಳ ಬಂದ ವಾರ ಮಾತ್ರ. ಹಿಂದೆ ಮಾಲೀಕರು ಬೋಮನ್ ಕೊಹಿನೂರ್ ಅವರೇ ಟೇಬಲ್ ಹತ್ರ ಬಂದು ಮಾತಾಡ್ಸಿ ಆರ್ಡರ್ ತಗೊಳ್ತಿದ್ರು, 2019ರಲ್ಲಿ 97ನೇ ವಯಸ್ಸಲ್ಲಿ ತೀರ್ಕೊಂಡ್ರು. ಈಗ್ಲೂ ಹೋದಾಗ ಕಣ್ಣು ಅವರನ್ನ ಹುಡುಕುತ್ತೆ.

ಈಗ ಬೇಜಾರಿನ ವಿಷಯ. ಆಫೀಸ್ ಹತ್ರನೇ ಒಂದು ಹೋಟೆಲ್, ಹೆಸರು ಬೇಡ, ಎರಡು ವರ್ಷ ವಾರಕ್ಕೆ ಮೂರು ದಿನ ಅಲ್ಲೇ ಉಂಡಿದೀನಿ. ಜುಲೈಲಿ ಒಂದಿನ ಸುರಮಯಿ ಥಾಳಿ ಬೋರ್ಡ್ ಹಾಕಿದ್ರು, ಸುರಮಯಿ ಅಂದ್ರೆ ನಮ್ಮ ಅಂಜಲ್. ತಾಜಾನಾ ಅಂತ ಕೇಳಿದೆ, ಏಕದಂ ತಾಜಾ, ಬೆಳಿಗ್ಗೆ ಬಂದಿದ್ದು ಅಂದ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ಬೋಟು ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಮೀನು ಮೊಟ್ಟೆ ಇಡೋ ಕಾಲ ಅಂತ ಬಂದ್ ಇರುತ್ತೆ, ಕಡಲ ಬದಿಲಿ ಬೆಳೆದ ನನಗೆ ಅದು ಗೊತ್ತಿಲ್ವಾ? ಆದ್ರೂ ಎರಡು ವರ್ಷದ ಪರಿಚಯ ಅಂತ ನಂಬಿ ತಿಂದೆ. ರವೆ ಗರಿಗರಿ ಇತ್ತು, ಒಳಗೆ ಮುರಿದ್ರೆ ಹತ್ತಿ ತರ ಪುಡಿ ಪುಡಿ, ವಾಸನೆ ಬೇರೆ. ಎರಡು ದಿನ ರಜೆ ಹಾಕಿ ಮಲಗಿದೆ. ಐಸ್ ಮೀನು ಮಾರೋದು ತಪ್ಪಲ್ಲ, ಮಳೆಗಾಲದಲ್ಲಿ ಎಲ್ರೂ ಮಾರ್ತಾರೆ, ಐಸಿಂದು ಅಂತ ಹೇಳಿ ಮಾರ್ಬೇಕು ಅಷ್ಟೇ. ಆಮೇಲೆ ಆ ಕಡೆ ಹೋಗಿಲ್ಲ.

ಅದಾದ್ಮೇಲೆ ಆಫೀಸಿನವರು ಒಂದು ಪರ್ಮಿಟ್ ರೂಮ್ ತೋರಿಸಿದ್ರು. 1949ರ ಪಾನನಿಷೇಧ ಕಾಯ್ದೆ ಇಲ್ಲಿ ಈಗ್ಲೂ ಇದೆ, ಕುಡಿಯೋಕೆ ಪರ್ಮಿಟ್ ಬೇಕು ಅನ್ನೋದು ಅದರಿಂದ ಬಂದಿದ್ದು, ಅದಕ್ಕೇ ಬಾರಿಗೆ ಪರ್ಮಿಟ್ ರೂಮ್ ಅಂತ ಹೆಸರು. ಹೆಂಗಸು ಒಬ್ಳೇ ಬಾರಲ್ಲಿ ಹೇಗೆ ಉಣ್ಣೋದು ಅಂತ ಮೊದಲ ವಾರ ಜೊತೆಗೆ ಯಾರಾದ್ರೂ ಇದ್ರೆ ಮಾತ್ರ ಹೋಗ್ತಿದ್ದೆ. ಮಧ್ಯಾಹ್ನ ಅಲ್ಲಿ ಕುಡಿಯೋರು ನಾಲ್ಕು ಜನ ಇದ್ರೆ ಥಾಳಿ ಉಣ್ಣೋರು ನಲವತ್ತು ಜನ, ಬ್ಯಾಂಕಿನವರು, ಕೋರ್ಟಿನ ಗುಮಾಸ್ತರು. ಬಡಿಸೋ ಅಣ್ಣ ನಾನು ಫೋನಲ್ಲಿ ಅಮ್ಮನ ಹತ್ರ ಮಾತಾಡಿದ್ದು ಕೇಳಿ "ನಿಮ್ ಊರ್ ಎಲ್ಲಾಯ್ತ್?" ಅಂದ್ರು. ಕೋಟೇಶ್ವರ ಅಂದೆ. ಅವ್ರದ್ದು ಬಸ್ರೂರು. ಚಿಕ್ಕ ವಯಸ್ಸಲ್ಲಿ ಬಂದು ಹಗಲು ಹೋಟೆಲ್ ಕೆಲಸ, ರಾತ್ರಿ ಇಲ್ಲೇ ಫೋರ್ಟಿನ ಕನ್ನಡ ರಾತ್ರಿ ಶಾಲೆಲಿ ಹತ್ತನೇ ಕ್ಲಾಸು ಮುಗ್ಸಿದವರು.

ಈಗ ಏಳು ವರ್ಷ ಆಯ್ತು ಅಲ್ಲಿ ಹೋಗೋಕೆ ಶುರು ಮಾಡಿ. ತೊಂದ್ರೆಗಳಿವೆ. ಫ್ಯಾನ್ ಸದ್ದು ಜಾಸ್ತಿ, ಕೈ ತೊಳೆಯೋ ಜಾಗ ಇಕ್ಕಟ್ಟು, ಯುಪಿಐ ಕೈ ಕೊಡ್ತಾ ಇರುತ್ತೆ ಅದಕ್ಕೆ ಚಿಲ್ಲರೆ ಇಟ್ಕೊಂಡು ಹೋಗಿ, ಸೋಲ್ ಕಡಿ (ಕೋಕಂ, ತೆಂಗಿನಹಾಲು ಹಾಕಿ ಮಾಡೋ ಪಾನೀಯ) ಒಂದೂವರೆಗೆಲ್ಲ ಖಾಲಿ. ಆದ್ರೆ ಮಳೆಗಾಲದಲ್ಲಿ ನಾನು ಮೀನು ಅಂತ ಬಾಯಿ ತೆಗೆದ ಕೂಡ್ಲೇ "ಬೇಡ ಅಕ್ಕ, ಐಸಿಂದ್, ಮೊಟ್ಟೆ ಮಾಡ್ಸಿ ಕೊಡ್ತೆ" ಅಂತಾರೆ. ಮೊಟ್ಟೆ ಥಾಳಿಗೆ ಬಿಲ್ ಕಮ್ಮಿ, ಹೋಟೆಲಿಗೆ ಅಷ್ಟು ನಷ್ಟ, ಆದ್ರೂ ಹೇಳ್ತಾರೆ. ಎರಡು ತಿಂಗಳು ಹೀಗೇ ಮೊಟ್ಟೆ ಸಾರು ಉಂಡು, ಹೋದ ಆಗಸ್ಟ್ ಮೊದಲ ವಾರ ಮಳೇಲಿ ನೆನ್ಕೊಂಡು ಒಳಗೆ ಹೋದ್ರೆ, ನಾನಿನ್ನೂ ಕೊಡೆ ಮಡಚ್ತಾ ಇದ್ದೆ, ಅವ್ರು ಅಡುಗೆಮನೆ ಬಾಗಿಲಿಂದ್ಲೇ ಕೂಗಿದ್ರು, "ಅಕ್ಕ, ಇವತ್ತ್ ಬಂಗ್ಡೆ ಬಂದಿತ್, ಕೂಕಣಿ."