ಶಹಾಬಾದಿನ ಕುಲುಮೆಯಲ್ಲಿ ಕರೆಂಟ್ ಬ್ಲೋವರ್: ದುಡಿಸಿ ನೋಡಿದ ಮೇಲೆ

ನಮ್ಮ ಕುಲುಮೆಗೆ ಬರುವುದು ಬಹುಪಾಲು ಕಲ್ಲುಗಣಿಯವರ ಉಳಿ, ಹಾರೆ. ಮುಂಗಾರಿಗೆ ಮುಂಚೆ ತೊಗರಿ ಹೊಲದವರ ಕುಂಟೆ, ಕುಡವೂ ಸೇರುತ್ತವೆ. ತಿದಿ ಒತ್ತೋಕೆ ಆಳು ಸಿಗದೆ ಕಲಬುರಗಿಯಿಂದ ಸಿಂಗಲ್ ಫೇಸ್ ಬ್ಲೋವರ್ ತಂದೆವು. ಕೆಲವು ವರ್ಷ ದುಡಿಸಿಯಾಯಿತು.

ಗಾಳಿಗೇನೂ ಕೊರತೆಯಿಲ್ಲ. ಜಾಸ್ತಿ ಅನ್ನೋದೇ ತಕರಾರು. ಇದ್ದಿಲು ಸುಮ್ನೆ ಉರಿದು ಬೂದಿಯಾಗುತ್ತದೆ. ಮಿಕ್ಕ ಗಾಳಿ ಕಾದ ಕಬ್ಬಿಣವನ್ನೇ ತಿನ್ನುತ್ತದೆ, ಅಡಿಗಲ್ಲಿನ ಮೇಲಿಟ್ಟು ಬಡಿದರೆ ಕಪ್ಪು ಹಕ್ಕಳೆ ಉದುರುತ್ತದೆ. ಉಳಿಯ ಉಕ್ಕು ಇನ್ನೂ ನಾಜೂಕು. ಹಳದಿ ದಾಟಿ ಬಿಳಿಗೆ ತಿರುಗಿ ಕಿಡಿ ಹಾರಿತೋ, ತುದಿ ಸುಟ್ಟಿತು ಅಂತಲೇ ಲೆಕ್ಕ. ಅಷ್ಟನ್ನು ಕತ್ತರಿಸಿ ಬಿಸಾಡಬೇಕು. ತಿದಿಯಲ್ಲಿ ಒತ್ತುವವನ ಕೈಯೇ ಗಾಳಿ ಅಳೆಯುತ್ತಿತ್ತು, ಮೋಟರಿಗೆ ಅದೆಲ್ಲಿ ಗೊತ್ತು?

ಅದಕ್ಕೇ ಬ್ಲೋವರ್ ಬಾಯಿಗೂ ಕೊಳವೆಗೂ ನಡುವೆ ತಗಡಿನ ಜಾರುಬಾಗಿಲು ಮಾಡಿ ಕೂರಿಸಿದೆವು. ಅರ್ಧ ಮುಚ್ಚಿದರೆ ಮೋಟರಿಗೆ ಹೊರೆ ಅಂತ ಅಂಗಡಿಯವರು ಹೆದರಿಸಿದ್ದರು. ಇರೋದು ಉಲ್ಟಾ. ಈ ಥರದ ಫ್ಯಾನು ತಳ್ಳುವ ಗಾಳಿ ಕಡಿಮೆಯಾದಷ್ಟೂ ಮೋಟರ್ ಕಡಿಮೆ ಕರೆಂಟ್ ಎಳೆಯುತ್ತದೆ. ಪೂರ್ತಿ ಮುಚ್ಚಿ ಗಂಟೆಗಟ್ಟಲೆ ಓಡಿಸಬೇಡಿ, ಅಷ್ಟೇ. ಈ ಬಾಗಿಲನ್ನು ಕಂಪನಿಯೇ ಕೊಡಬೇಕಿತ್ತು, ಅಲ್ವಾ?

ಕರೆಂಟ್ ಹೋದಾಗ ಹುಷಾರು. ಕಲ್ಲಿದ್ದಲು ಹಾಕಿದ್ದರೆ ಅದರ ಗ್ಯಾಸ್ ಕೊಳವೆಯೊಳಗೆ ಹಿಂದಕ್ಕೆ ನುಗ್ಗಿ ಕೂರುತ್ತದೆ. ಕರೆಂಟ್ ಬಂದು ಫ್ಯಾನು ತಿರುಗಿದ ಕೂಡಲೇ ಢಬ್! ಸ್ವಿಚ್ ಆರಿಸಿ, ಜಾರುಬಾಗಿಲು ಮುಚ್ಚಿ, ಕೆಳಗಿನ ಬೂದಿ ಬಾಗಿಲು ತೆಗೆದಿಡಿ. ಮತ್ತೆ ಶುರು ಮಾಡುವಾಗಲೂ ಅದು ತೆರೆದೇ ಇರಲಿ.

ಇನ್ನು ನಮ್ಮೂರಿನ ಕಲ್ಲಿನ ಪುಡಿ. ಫ್ಯಾನಿನ ಎಲೆಗಳಿಗೆ ಮೆತ್ತಿಕೊಂಡು ತೂಕ ಏರುಪೇರಾಗುತ್ತದೆ, ಬ್ಲೋವರ್ ಗಡಗಡ ನಡುಗುತ್ತದೆ. ನಮ್ಮದರ ಬೇರಿಂಗ್ ಹೋಗಿದ್ದು ಹಾಗೇ. ಈಗ ಗಾಳಿ ಎಳೆಯುವ ಬಾಯಿಗೆ ಜಾಳಿಗೆ ಹಾಕಿದ್ದೇವೆ, ಆಗಾಗ ಬಿಚ್ಚಿ ಬ್ರಷ್‌ನಲ್ಲಿ ಉಜ್ಜುತ್ತೇವೆ. ಅಂದ ಹಾಗೆ, ಶಹಾಬಾದ್ ಕಲ್ಲು ಬೇಕಾದಷ್ಟು ಸಿಗುತ್ತದೆ ಅಂತ ಕುಲುಮೆಯ ಬಾಯಿಗೆ ಇಡಬೇಡಿ. ಸುಣ್ಣದ ಕಲ್ಲು, ಬೆಂಕಿಗೆ ಸಿಡಿಯುತ್ತದೆ. ಬೆಂಕಿ ಇಟ್ಟಿಗೆ, ಮಣ್ಣೇ ಸರಿ.

5ಕ್ಕೆ 4 ಕೊಡುತ್ತೇನೆ. ಒಂದು ಕಡಿತ ಸದ್ದಿಗೆ. ಬ್ಲೋವರ್ ಓಡುವಾಗ ಗಿರಾಕಿ ಫೋನ್ ಮಾಡಿದರೆ ರಸ್ತೆಗೇ ಹೋಗಿ ಮಾತಾಡಬೇಕು.